ಪಹಣಿಯಲ್ಲಿಲ್ಲದ ಹೆಂಗಸರು

ನಮ್ಮ ಉತ್ತರ ಕನ್ನಡದ ಕರಾವಳಿಯಲ್ಲಿ ಊರಿನ ಚರಿತ್ರೆ ಬರೆಯುವ ಹುಮ್ಮಸ್ಸಿಗೇನೂ ಕೊರತೆಯಿಲ್ಲ. ದೇವಸ್ಥಾನದ ಜೀರ್ಣೋದ್ಧಾರಕ್ಕೊಂದು, ಶಾಲೆಯ ಶತಮಾನೋತ್ಸವಕ್ಕೊಂದು, ಸಹಕಾರಿ ಸಂಘದ ಬೆಳ್ಳಿಹಬ್ಬಕ್ಕೊಂದು ಸ್ಮರಣ ಸಂಚಿಕೆ ಹೊರಬರುತ್ತಲೇ ಇರುತ್ತದೆ. ತೆರೆದು ನೋಡಿ. ಮೊದಲು ಮಿರ್ಜಾನ ಕೋಟೆ, ಆಮೇಲೆ ಪೋರ್ಚುಗೀಸರ ಹಡಗು, ಆಮೇಲೆ ಉಪ್ಪಿನ ಸತ್ಯಾಗ್ರಹ, ಕೊನೆಗೆ ಅಧ್ಯಕ್ಷರುಗಳ ಫೋಟೋ. ಅಲ್ಲಿಗೆ ಊರು ಮುಗಿದುಹೋಗುತ್ತದೆ. ಅಂಕೋಲೆಯಿಂದ ಹೊನ್ನಾವರದವರೆಗಿನ ಈ ತೀರದಲ್ಲಿ ಹೆಂಗಸರೆಂಬುವರು ಬದುಕಿದ್ದರೇ ಎಂದೇ ಅನುಮಾನ ಬರಬೇಕು!

“ಯಾಕೆ, ಚೆನ್ನಭೈರಾದೇವಿ ಇಲ್ಲವೇ?” ಎಂದು ಮಾಸ್ತರರೊಬ್ಬರು ನನ್ನನ್ನು ಕೇಳಿದರು. ಇದ್ದಾಳೆ, ಸ್ವಾಮಿ. ಗೇರುಸೊಪ್ಪೆಯ ರಾಣಿ, ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಎಂದು ಕರೆದವಳು. ಅವಳ ಬಗ್ಗೆ ನನಗೂ ಹೆಮ್ಮೆಯಿದೆ. ಆದರೆ ಆ ಮೆಣಸನ್ನು ಕೊಯ್ದವರು, ಒಣಗಿಸಿದವರು, ಹೊತ್ತು ಬಂದರಿಗೆ ಇಳಿಸಿದವರು ಯಾರು? ಒಬ್ಬ ರಾಣಿಯನ್ನು ಸಿಂಹಾಸನದ ಮೇಲೆ ಕೂರಿಸಿ, ಉಳಿದ ನಾಲ್ಕು ನೂರು ವರ್ಷಗಳ ಹೆಂಗಸರ ಲೆಕ್ಕ ಚುಕ್ತಾ ಮಾಡುವುದು ಯಾವ ನ್ಯಾಯ?

ಉಪ್ಪಿನ ಕತೆಯನ್ನೇ ನೋಡಿ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯಿದೆ ಮುರಿದದ್ದು ಎಲ್ಲ ಸಂಚಿಕೆಗಳಲ್ಲೂ ಇದೆ, ಇರಲೇಬೇಕು. ಕರನಿರಾಕರಣೆಯಲ್ಲಿ ಜಮೀನು ಕಳೆದುಕೊಂಡವರ ಹೆಸರುಗಳೂ ಇವೆ. ಜಮೀನು ಹೋಗಿ, ಗಂಡಸರು ಜೈಲು ಸೇರಿದ ಮನೆಗಳಲ್ಲಿ ಒಲೆ ಹೊತ್ತಿಸಿದವರ ಹೆಸರು ಎಲ್ಲಿ? ಘಟ್ಟ ಹತ್ತಿ ಸಿದ್ದಾಪುರ ತಾಲೂಕಿನ ಮಾವಿನಗುಂಡಿಗೆ ಹೋದರೆ, ಜಪ್ತಿಯಾದ ಸ್ವತ್ತು ಕೊಂಡವರ ಮನೆಯೆದುರು ಉಪವಾಸ ಕುಳಿತ ಹೆಂಗಸರ ಸ್ಮಾರಕವಿದೆ. ಮನಸ್ಸಿದ್ದರೆ ನೆನೆಯಲು ಬರುತ್ತದೆ ಎಂಬುದಕ್ಕೆ ಅದೇ ಸಾಕ್ಷಿ. ಸಾಣಿಕಟ್ಟೆಯ ಆಗರಗಳಲ್ಲಿ ಇಂದಿಗೂ ಉಪ್ಪು ತೆಗೆಯುತ್ತಾರೆ. ಬಿಸಿಲಿನಲ್ಲಿ ಉಪ್ಪಿನ ಬುಟ್ಟಿ ಹೊರುವವಳ ಅಂಗಾಲು ಹೇಗಿರುತ್ತದೆಂದು ನಾನು ಓದಿದ ಯಾವ ಸಂಚಿಕೆಯೂ ಹೇಳಲಿಲ್ಲ.

ಒಮ್ಮೆ ಒಂದು ಸಂಚಿಕೆಯವರು ನನ್ನಿಂದಲೂ ಲೇಖನ ಕೇಳಿದರು. ವಿಷಯ, ‘ಕರಾವಳಿಯ ಮೀನಿನ ಅಡುಗೆ’! ನಾನು ಅಘನಾಶಿನಿಯ ಅಳಿವೆಯಲ್ಲಿ ಬಳಚು ಆಯುವ ಹೆಂಗಸರ ಬಗ್ಗೆ ಬರೆದುಕೊಟ್ಟೆ. ತಿಥಿ ಎಣಿಸಿ ಇಳಿತದ ಹೊತ್ತನ್ನು ಹೇಳಬಲ್ಲವರು, ಮೊಣಕಾಲುದ್ದ ನೀರಿನಲ್ಲಿ ನಿಂತು ಕೆಸರಿನೊಳಗಿನ ಚಿಪ್ಪನ್ನು ಪಾದದಿಂದಲೇ ಗುರುತಿಸುವವರು, ಗಜನಿಯ ಉಪ್ಪುನೀರಿನಲ್ಲಿ ಕಗ್ಗ ಭತ್ತ ಬೆಳೆದವರು. ಅಷ್ಟನ್ನೂ ಕೈಬಿಟ್ಟು, ಕೊನೆಗೆ ನಾನು ಸೇರಿಸಿದ್ದ ಬಳಚಿನ ಸುಕ್ಕಾದ ನಾಲ್ಕು ಸಾಲುಗಳನ್ನು ಮಾತ್ರ ಅಚ್ಚು ಹಾಕಿದರು.

ಇದು ಬರಿಯ ಹೆಸರಿನ ಹಂಬಲವೆಂದು ತಿಳಿಯಬೇಡಿ. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು. ಕಾರವಾರ, ಅಂಕೋಲೆ ತಾಲೂಕುಗಳ ಸಾವಿರಾರು ಕುಟುಂಬಗಳು ಊರು ಬಿಟ್ಟವು. ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟು ಅಲೆದರು. ಪರಿಹಾರದ ಲೆಕ್ಕ ಶುರುವಾಗುವುದು ಪಹಣಿಯಿಂದ. ಎಷ್ಟು ಗುಂಟೆ, ಎಷ್ಟು ತೆಂಗಿನಮರ, ಯಾರ ಹೆಸರಿನಲ್ಲಿ? ಅವಳು ಮೀನು ಒಣಗಿಸುವ ಮರಳಿಗೆ ಅವಳ ಹೆಸರಿನ ಪಹಣಿಯಿಲ್ಲ. ಬಳಚು ಸಿಗುವ ಕೆಸರಿಗೆ ಪಟ್ಟೆಯಿಲ್ಲ. ಬುಟ್ಟಿ ಹೊತ್ತು ಸಾಗುವ ಹಾದಿ, ಕಾಯಂ ಗಿರಾಕಿಗಳ ಮನೆ, ಇವು ಯಾವ ದಫ್ತರದಲ್ಲಿವೆ? ಹೊನ್ನಾವರದ ಕಾಸರಕೋಡ ಟೊಂಕದಲ್ಲಿ, ಅಂಕೋಲೆಯ ಕೇಣಿಯಲ್ಲಿ ಬಂದರು ಯೋಜನೆಗಳ ವಿರುದ್ಧ ಮೀನುಗಾರ ಹೆಂಗಸರು ಬೀದಿಗಿಳಿದದ್ದನ್ನು ಈಚಿನ ವರ್ಷಗಳಲ್ಲಿ ಕಂಡಿದ್ದೇವೆ. “ಇಲ್ಲಿ ನಿಮ್ಮದೇನಿತ್ತು?” ಎಂದು ಯಾರಾದರೂ ಕೇಳಿದರೆ, ಮುಂದೆ ಹಿಡಿಯಲು ಊರಿನ ಚರಿತ್ರೆಯಾದರೂ ಅವರ ಕೈಯಲ್ಲಿರಬೇಡವೇ?

ಪ್ರಶಸ್ತಿ ಬಂದವರನ್ನು ನಾವು ಮರೆಯುವುದಿಲ್ಲ, ನಿಜ. ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ಶಾಲು ಹೊದಿಸಲು ಎಲ್ಲರೂ ಮುಂದಾದರು. ಆದರೆ ಸಾರಾಯಿಯ ವಿರುದ್ಧ ಅವರು ಹೋರಾಡಿದಾಗ ಜೊತೆಗೆ ನಡೆದ ಹೆಂಗಸರು ಯಾರು ಯಾರು? 2025ರಲ್ಲಿ ಸುಕ್ರಜ್ಜಿ ಹೋದರು. ಜೊತೆಗೆ ನಡೆದವರೂ ಒಬ್ಬೊಬ್ಬರಾಗಿ ಹೋಗುತ್ತಾರೆ. ಕೇಳಿ ಬರೆದುಕೊಳ್ಳಲು ಯಾವ ಮುಹೂರ್ತಕ್ಕೆ ಕಾಯುತ್ತಿದ್ದೇವೆ?

ಪೇಟೆಯಲ್ಲಿರುವ ಅಕ್ಕತಂಗಿಯರೇ, ಬರೆಯುವ ಕೆಲಸ ಪಂಡಿತರದೆಂದು ಸುಮ್ಮನಿರಬೇಡಿ. ಬಾಗಿಲಲ್ಲಿ ಬುಟ್ಟಿ ಇಳಿಸುವವಳೊಡನೆ ಹತ್ತು ರೂಪಾಯಿಗೆ ಚೌಕಾಶಿ ಮಾಡುವ ನಮಗೆ ಅವಳ ಹೆಸರು ಕೇಳಲು ಪುರುಸೊತ್ತಿಲ್ಲವೇ? ಅವಳ ಹೆಸರು, ತಾಯಿಯ ಹೆಸರು, ಅವರು ಎಲ್ಲಿಂದ ನಡೆದು ಬರುತ್ತಿದ್ದರು, ಮೀನು ಎಲ್ಲಿ ಒಣಗಿಸುತ್ತಿದ್ದರು ಎಂಬುದನ್ನು ಕೇಳಿ, ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಾದರೂ ತಾರೀಖು ಹಾಕಿ ಬರೆದಿಡಿ. ಮಹಿಳಾ ಮಂಡಳದಲ್ಲಿ ರಂಗೋಲಿ ಸ್ಪರ್ಧೆ ನಡೆಯಲಿ, ಬೇಡವೆನ್ನುವುದಿಲ್ಲ. ವರ್ಷಕ್ಕೊಮ್ಮೆ ಈ ಬರಹಗಳನ್ನೂ ಅಲ್ಲಿ ಓದಿ. ಇನ್ನು ಮುಂದೆ ಯಾವುದೇ ಸಂಚಿಕೆಯವರು ಜಾಹೀರಾತಿಗೆಂದು ರಸೀದಿ ಪುಸ್ತಕ ಹಿಡಿದು ಬಂದರೆ, ಮೊದಲು ಇಪ್ಪತ್ತು ಹೆಂಗಸರ ಹೆಸರು ಅವರ ಕೈಗೆ ಕೊಡಿ. ಅವು ಅಚ್ಚಾಗಲಿ, ದುಡ್ಡು ಆಮೇಲೆ.