ನೂರೈವತ್ತೊಂದು ಗೆಲುವುಗಳಾಚೆಯ ಉಪಾಧ್ಯಾಯ

ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದ ಕಾಂಕರ್ಡ್ ಎಂಬ ಊರಿನಲ್ಲಿರುವ ಡಿ ಲಾ ಸಾಲ್ ಹೈಸ್ಕೂಲಿನ ಫುಟ್‌ಬಾಲ್ ತಂಡವು 1992ರಿಂದ 2003ರವರೆಗೆ ಒಂದು ಸೋಲನ್ನೂ ಕಾಣದೆ 151 ಪಂದ್ಯಗಳನ್ನು ಗೆದ್ದಿತೆಂಬುದನ್ನು ಕೇಳಿದವರು ಮೊದಲು ವಿಸ್ಮಯಪಡುತ್ತಾರೆ. ಅನಂತರ ಆ ತಂಡದ ತರಬೇತುದಾರರ ತಂತ್ರವೇನೆಂದು ವಿಚಾರಿಸುತ್ತಾರೆ. ವಿಸ್ಮಯವು ಸಹಜವೇ. ಆದರೆ ಬಾಬ್ ಲಾಡುಸರ್ ಎಂಬ ಆ ಮಹನೀಯರ ಜೀವಿತವನ್ನು ಅಳೆಯುವುದಕ್ಕೆ ಈ ಸಂಖ್ಯೆಯು ಸಾಲದೆಂಬುದು ಮಾತ್ರವಲ್ಲ, ಅವರನ್ನು ಯಥಾರ್ಥವಾಗಿ ಕಾಣುವುದಕ್ಕೆ ಅದೇ ಒಂದು ಅಡ್ಡಿಯೂ ಆಗಿದೆಯೆಂಬುದು ನನ್ನ ದೃಢವಾದ ಅಭಿಪ್ರಾಯ.

ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಾವು ಕಾಲಿನಿಂದ ಒದೆದಾಡುವ ಆಟವನ್ನಲ್ಲ. ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ಓಡುವವನೊಬ್ಬನಾದರೆ, ಅವನಿಗೆ ದಾರಿ ಬಿಡಿಸುವುದಕ್ಕಾಗಿ ಎದುರಾಳಿಗಳನ್ನು ಮೈಯೊಡ್ಡಿ ತಡೆಯುವವರು ಹಲವರು; ಪಂದ್ಯವು ಮುಗಿಯುವವರೆಗೂ ಚೆಂಡನ್ನು ಒಮ್ಮೆಯೂ ಮುಟ್ಟದೆ, ಪ್ರೇಕ್ಷಕರ ಬಾಯಲ್ಲಿ ತಮ್ಮ ಹೆಸರನ್ನು ಕೇಳದೆ ಮನೆಗೆ ಮರಳುವ ಹುಡುಗರು ಅವರೇ. ಹದಿನಾರು ಹದಿನೇಳು ವಯಸ್ಸಿನ ಬಾಲಕನು ಇನ್ನೊಬ್ಬನ ಕೀರ್ತಿಗಾಗಿ ತನ್ನ ದೇಹವನ್ನು ಮನಃಪೂರ್ವಕವಾಗಿ ಒಡ್ಡುವಂತೆ ಮಾಡುವುದು ಹೇಗೆಂಬ ಪ್ರಶ್ನೆಗೆ ಉತ್ತರವು ಆಟದ ನಕ್ಷೆಗಳಲ್ಲಿ ದೊರೆಯತಕ್ಕದ್ದಲ್ಲ.

1979ರಲ್ಲಿ, ತಮ್ಮ ಇಪ್ಪತ್ತೈದನೆಯ ವಯಸ್ಸಿನಲ್ಲಿ, ಲಾಡುಸರ್ ಈ ಕ್ಯಾಥೊಲಿಕ್ ಶಾಲೆಗೆ ಬಂದಾಗ, ಸೋಲಿಗಿಂತ ಗೆಲುವು ಹೆಚ್ಚೆನಿಸಿದ ಒಂದು ವರ್ಷವನ್ನೂ ಅಲ್ಲಿಯ ತಂಡವು ಕಂಡಿರಲಿಲ್ಲ. ಅವರು ಮೈದಾನಕ್ಕೆ ಮಾತ್ರ ಸೀಮಿತರಾದವರಲ್ಲ. ತರಗತಿಯಲ್ಲಿ ಧರ್ಮಶಾಸ್ತ್ರವನ್ನು ಬೋಧಿಸುತ್ತಿದ್ದ ಉಪಾಧ್ಯಾಯರು. ಅವರ ತರಬೇತಿಯ ತಿರುಳೆಲ್ಲವೂ ಇದರಲ್ಲೇ ಅಡಗಿದೆಯೆಂದು ನಾನು ನಂಬಿದ್ದೇನೆ.

ಪಂದ್ಯದ ಹಿಂದಿನ ಸಂಜೆ ಅಲ್ಲಿ ನಡೆಯುತ್ತಿದ್ದ ಸಭೆಯೊಂದನ್ನು ಗಮನಿಸಬೇಕು. ಪ್ರತಿಯೊಬ್ಬ ಹುಡುಗನೂ ಆ ವಾರದ ವ್ಯಾಯಾಮದಲ್ಲಿ, ಅಭ್ಯಾಸದಲ್ಲಿ, ಪಂದ್ಯದಲ್ಲಿ ತಾನು ಸಾಧಿಸಬೇಕಾದುದನ್ನು ಒಂದು ಸಣ್ಣ ಕಾರ್ಡಿನ ಮೇಲೆ ಸ್ವಹಸ್ತದಿಂದ ಬರೆದು, ಎಲ್ಲರೆದುರಿಗೆ ಎದ್ದು ನಿಂತು ಓದಿ, ಅದನ್ನು ಒಬ್ಬ ಸಂಗಡಿಗನ ಕೈಗೆ ಒಪ್ಪಿಸುತ್ತಿದ್ದನು. ಕೊಟ್ಟ ಮಾತನ್ನು ಅವನು ಉಳಿಸಿಕೊಂಡನೋ ಇಲ್ಲವೋ ಎಂಬುದನ್ನು ಹೇಳುವ ಹೊಣೆ ಕಾರ್ಡನ್ನು ಪಡೆದವನದು. ಇಲ್ಲಿ ಗುರುವಿನ ಭಯಕ್ಕೆ ಎಡೆಯಿಲ್ಲ. ಮಿತ್ರನ ಮುಖವನ್ನು ನೋಡಿ ಉತ್ತರ ಹೇಳಬೇಕಾದ ಸಂಕೋಚವಿದೆ, ಅದಕ್ಕಿಂತ ಮಿಗಿಲಾಗಿ ಪ್ರೀತಿಯಿದೆ. ತಂಡವು ಮೈದಾನಕ್ಕೆ ಇಳಿಯುವಾಗ ಆ ದೃಢಕಾಯದ ಹುಡುಗರು ಇಬ್ಬಿಬ್ಬರಾಗಿ ಕೈ ಕೈ ಹಿಡಿದು ನಡೆದುಬರುತ್ತಿದ್ದರು.

ಡಿ ಲಾ ಸಾಲ್ ಖಾಸಗಿ ಶಾಲೆಯಾದುದರಿಂದ ನೆರೆಯೂರುಗಳ ಹುಡುಗರನ್ನೂ ಸೇರಿಸಿಕೊಳ್ಳಬಲ್ಲುದು, ಸುತ್ತಣ ಸರಕಾರಿ ಶಾಲೆಗಳಿಗೆ ಆ ಅನುಕೂಲವಿಲ್ಲ ಎಂಬ ಆಕ್ಷೇಪಣೆಯನ್ನು ಅಲ್ಲಗಳೆಯಲಾಗದು. ಆದರೆ ಅನುಕೂಲವಿದ್ದ ಶಾಲೆಗಳು ಅಮೆರಿಕದಲ್ಲಿ ಬೇಕಾದಷ್ಟಿವೆ; ಆ ಕಾರ್ಡನ್ನು ಬರೆಯಿಸಿದವರು ವಿರಳ.

2004ರ ಆಗಸ್ಟಿನಲ್ಲಿ, ಹಿಂದಿನ ವರ್ಷ ಈ ತಂಡದಲ್ಲಿ ಆಡಿ ಕಾಲೇಜಿಗೆ ಹೊರಟುನಿಂತಿದ್ದ ಹುಡುಗನೊಬ್ಬನು ರಿಚ್ಮಂಡ್ ಎಂಬ ಊರಿನ ಬೀದಿಯಲ್ಲಿ ಗುಂಡೇಟಿಗೆ ಬಲಿಯಾದನು. ಕೆಲವೇ ವಾರಗಳ ಬಳಿಕ, ಸಿಯಾಟಲ್ ನಗರದಲ್ಲಿ ಬೆಲ್‌ವ್ಯೂ ಹೈಸ್ಕೂಲಿನೆದುರು 39–20ರಿಂದ ತಂಡವು ಸೋತು, ಗೆಲುವಿನ ಸರಪಣಿಯು ತುಂಡಾಯಿತು. ಪತ್ರಿಕೆಗಳು ಎರಡನೆಯದನ್ನು ದೊಡ್ಡ ಸುದ್ದಿಯಾಗಿ ಸಾರಿದುವು. ಒಬ್ಬ ಶಿಷ್ಯನನ್ನು ಮಣ್ಣಿಗಿಟ್ಟು ಬಂದ ಗುರುವಿಗೆ ಆ ಎರಡರಲ್ಲಿ ಸೋಲು ಯಾವುದೆಂದು ಯಾರೂ ತಿಳಿಸಬೇಕಾಗಿರಲಿಲ್ಲ.

ತಮ್ಮ ತಂಡವು ಸೋತಾಗಲೂ ಅವರು ಉಪಾಧ್ಯಾಯರಾಗಿಯೇ ಉಳಿದರು. ಹೀಗೆ ಮೂವತ್ತನಾಲ್ಕು ಋತುಗಳನ್ನು ಒಂದೇ ಶಾಲೆಯಲ್ಲಿ ಕಳೆದು, 2013ರ ಜನವರಿಯಲ್ಲಿ ಮುಖ್ಯ ತರಬೇತುದಾರರ ಪದವಿಯನ್ನು ಬಿಟ್ಟುಕೊಟ್ಟಾಗ, ಅವರ ಲೆಕ್ಕದಲ್ಲಿ 399 ಗೆಲುವುಗಳಿದ್ದುವು. ನಾನೂರಕ್ಕೆ ಬೇಕಾಗಿದ್ದುದು ಒಂದೇ. ಮುಂದಿನ ಋತುವಿನ ಮೊದಲ ವಾರಗಳಲ್ಲಿಯೇ ಅದು ಕೈಸೇರುವ ಸಂಭವವಿತ್ತು. ಅವರು ಅದಕ್ಕಾಗಿ ನಿಲ್ಲಲಿಲ್ಲ. ಒಂದು ಕಾಲಕ್ಕೆ ತಮ್ಮ ತಂಡದಲ್ಲಿಯೇ ಆಡಿದ್ದ ಜಸ್ಟಿನ್ ಆಲಂಬಾಗಿಗೆ ಆ ಸ್ಥಾನವು ಸಂದ ಮೇಲೆ, ಅದೇ ಮೈದಾನದಲ್ಲಿ ಆ ಶಿಷ್ಯನ ಕೈಕೆಳಗೆ ಸಹಾಯಕರಾಗಿ ದುಡಿಯುವುದಕ್ಕೆ ಲಾಡುಸರ್ ಒಪ್ಪಿಕೊಂಡರು.