ಜಗಲಿಯ ಮಾತು: ಮಾತಿಲ್ಲದೆ ಮಾತನಾಡಿದ ನಟಿ

ಕಳೆದ ತಿಂಗಳ ಒಂದು ಸಂಜೆ ನಮ್ಮ ಮೊಮ್ಮಗಳು ನಡುಮನೆಯಲ್ಲಿ ಹಳೆಯ ಚಲಚ್ಚಿತ್ರವೊಂದನ್ನು ಹಾಕಿಕೊಂಡು ಕುಳಿತಿದ್ದಳು. ಚಿತ್ರವು ಓಡುತ್ತಲಿದ್ದಿತು, ಯಾರೊಬ್ಬರ ಮಾತೂ ಕೇಳಿಸುತ್ತಿರಲಿಲ್ಲ. ಯಂತ್ರವು ಕೆಟ್ಟಿತೆಂದು ಬಗೆದು ನಾವು, "ಸ್ವಲ್ಪ ಸದ್ದು ಹೆಚ್ಚಿಸು, ಮಗು" ಎಂದೆವು. ಅವಳು ನಕ್ಕು, "ಇದರಲ್ಲಿ ಮಾತೇ ಇಲ್ಲ, ತಾತ. ಸುಮ್ಮನೆ ಕುಳಿತು ನೋಡಿ" ಎಂದಳು.

ಕುಳಿತೆವು. ತೆರೆಯ ಮೇಲೆ ಒಬ್ಬ ಬಡ ಹುಡುಗಿ. ಅವಳಿಗೆ ಕುಡುಕನೂ ಕ್ರೂರಿಯೂ ಆದ ಒಬ್ಬ ತಂದೆ. ಅವನು ಅವಳನ್ನು ಹೊಡೆಯುವುದು ಮಾತ್ರವಲ್ಲ, ನಗು ಎಂದು ಗದರಿಸುವನು. ಆ ಹುಡುಗಿಗೆ ನಗುವು ಎಲ್ಲಿಂದ ಬಂದೀತು? ಅವಳು ಎರಡು ಬೆರಳುಗಳನ್ನು ತುಟಿಗಳ ಎರಡು ಕೊನೆಗೆ ಇಟ್ಟು ಮೇಲಕ್ಕೆ ತಳ್ಳಿ ಬಾಯಿಯನ್ನು ನಗುವಿನಂತೆ ಮಾಡಿ ತೋರಿಸುವಳು. ಬಾಯಿ ನಗುತ್ತಲಿದೆ, ಕಣ್ಣುಗಳು ಹಾಗೆಯೇ ಬೆದರಿ ನಿಂತಿವೆ. ಅಡಿಗೆಯ ಮನೆಯಿಂದ ಸೌಟು ಹಿಡಿದೇ ಬಂದ ನಮ್ಮ ಮನೆಯವರು ಬಾಗಿಲಲ್ಲಿ ನಿಂತವರು ನಿಂತೇಬಿಟ್ಟರು. ಒಲೆಯ ಮೇಲೆ ಸಾರು ಉಕ್ಕಿದ ವಾಸನೆ ಬಂದ ಮೇಲೆಯೇ ಅವರಿಗೆ ಎಚ್ಚರವಾದದ್ದು.

ಆ ಚಿತ್ರದ ಹೆಸರು 'ಬ್ರೋಕನ್ ಬ್ಲಾಸಮ್ಸ್', 1919ರಲ್ಲಿ ತಯಾರಾದದ್ದು. ಹುಡುಗಿಯ ಪಾತ್ರವನ್ನು ವಹಿಸಿದವಳು ಅಮೆರಿಕಾ ದೇಶದ ಲಿಲಿಯನ್ ಗಿಶ್. ಬೆರಳುಗಳಿಂದ ನಗುವನ್ನು ಎತ್ತಿಕೊಳ್ಳುವ ಆ ಉಪಾಯವನ್ನು ಕಂಡುಕೊಂಡವಳೂ ಆಕೆಯೇ. ಅಭಿನಯವು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ನಾಲ್ಕು ವಿಧವೆಂಬುದಾಗಿ ಭರತಮುನಿಯ ಶಾಸ್ತ್ರವು ಹೇಳುವುದು. ಅಂಗಗಳ ಚಲನೆ ಮೊದಲನೆಯದು, ಮಾತು ಎರಡನೆಯದು, ವೇಷಭೂಷಣ ಮೂರನೆಯದು, ಒಳಗಿನ ಭಾವವು ಕಂಬನಿಯಾಗಿಯೋ ನಡುಕವಾಗಿಯೋ ತಾನಾಗಿ ಹೊರಹೊಮ್ಮುವುದು ನಾಲ್ಕನೆಯದು. ಮೂಕಚಿತ್ರದ ಕಾಲದ ನಟರಿಗೆ ಈ ನಾಲ್ಕರಲ್ಲಿ ವಾಚಿಕವು ಇರಲೇ ಇಲ್ಲ. ಹಾಗಿದ್ದೂ ಈಕೆಯು ನೂರು ವರ್ಷಗಳಾದ ಮೇಲೆ ನಮ್ಮ ಮನೆಯ ಸಾರನ್ನು ಉಕ್ಕಿಸಿದಳೆಂದ ಮೇಲೆ ಆಕೆಯ ಕಥೆಯನ್ನು ವಾಚಕರಿಗೆ ಹೇಳುವುದು ಯುಕ್ತವೆಂದು ತೋರಿತು.

ಲಿಲಿಯನ್ ಗಿಶ್ ಹುಟ್ಟಿದ್ದು 1893ನೆಯ ಇಸವಿ ಅಕ್ಟೋಬರ್ 14ರಂದು, ಒಹಾಯೋ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿ. ಡೊರೊತಿಯೆಂಬ ತಂಗಿಯು ಸುಮಾರು ನಾಲ್ಕೂವರೆ ವರ್ಷ ಚಿಕ್ಕವಳು. ತಂದೆಯು ಸಂಸಾರದ ಹೊಣೆ ಹೊರಲಾರದೆ ಮನೆ ಬಿಟ್ಟು ಹೋದನು. ಎರಡು ಹೆಣ್ಣು ಮಕ್ಕಳನ್ನು ಸಾಕಬೇಕಾದ ತಾಯಿಯು ಬೇರೆ ದಾರಿ ಕಾಣದೆ ನಾಟಕದಲ್ಲಿ ಕೆಲಸಕ್ಕೆ ಸೇರಿದಳು. ನಾಟಕದವರೆಂದರೆ ಗೌರವಸ್ಥರು ಮೂಗು ಮುರಿಯುತ್ತಿದ್ದ ಕಾಲವದು. ಆದರೂ ಹಸಿವು ಮರ್ಯಾದೆಯ ಮಾತನ್ನು ಕೇಳುವುದಿಲ್ಲವಷ್ಟೆ. ಮಕ್ಕಳೂ ತಾಯಿಯ ಹಿಂದೆಯೇ ರಂಗವನ್ನೇರಿದರು. 1902ರಲ್ಲಿ ಲಿಲಿಯನ್ ಮೊದಲು ಬಣ್ಣ ಹಚ್ಚಿದ ಊರಿನ ಹೆಸರು ರೈಸಿಂಗ್‌ಸನ್, ಎಂದರೆ ಉದಯಸೂರ್ಯ. ಹೆಸರಿನಲ್ಲಿದ್ದಷ್ಟು ಬೆಳಕು ಆ ಬಾಲ್ಯದಲ್ಲಿ ಇರಲಿಲ್ಲ. ರೈಲಿನಲ್ಲಿ ಊರಿಂದೂರಿಗೆ ಅಲೆದಾಟ. ಕೆಲವೊಮ್ಮೆ ತಾಯಿ ಒಂದು ಮಂಡಲಿಯಲ್ಲಿ, ಮಗಳು ಇನ್ನೊಂದರಲ್ಲಿ. ಶಾಲೆಯ ಮುಖವನ್ನು ಆಗಾಗ ಮಾತ್ರ ಕಂಡ ಮಗುವದು. ಉಪಾಧ್ಯಾಯರಾಗಿದ್ದ ನಮಗೆ ಈ ಭಾಗವನ್ನು ಓದುವಾಗ ಸಂಕಟವಾಗದೆ ಇರಲಿಲ್ಲ.

ನಾಟಕದ ಅಲೆದಾಟದ ದಿನಗಳಲ್ಲಿ ಗಿಶ್ ಮನೆಯವರು ಗ್ಲಾಡಿಸ್ ಸ್ಮಿತ್ ಎಂಬ ಇನ್ನೊಬ್ಬ ಬಾಲನಟಿಯ ಮನೆಯವರೊಡನೆ ಸ್ನೇಹದಿಂದಿದ್ದರು. 1912ರಲ್ಲಿ ಚಿತ್ರಮಂದಿರವೊಂದಕ್ಕೆ ಹೋದ ಅಕ್ಕತಂಗಿಯರು ತೆರೆಯ ಮೇಲೆ ಆ ಗ್ಲಾಡಿಸಳನ್ನೇ ಕಂಡು ಬೆರಗಾದರು. ಮೇರಿ ಪಿಕ್‌ಫರ್ಡ್ ಎಂಬ ಹೊಸ ಹೆಸರಿನಿಂದ ಲೋಕಪ್ರಸಿದ್ಧಳಾದವಳು ಈಕೆಯೇ. ಅವಳನ್ನು ಹುಡುಕಿಕೊಂಡು ನ್ಯೂಯಾರ್ಕಿನ ಬಯೋಗ್ರಾಫ್ ಚಿತ್ರಶಾಲೆಗೆ ಹೋದಾಗ ನಿರ್ದೇಶಕನಾದ ಡಿ. ಡಬ್ಲ್ಯು. ಗ್ರಿಫಿತ್‌ನ ಕಣ್ಣು ಈ ಇಬ್ಬರ ಮೇಲೆ ಬಿದ್ದಿತು. ಯಾರು ಅಕ್ಕ, ಯಾರು ತಂಗಿಯೆಂಬುದು ತಿಳಿಯದೆ ಅವನು ಒಬ್ಬಳಿಗೆ ನೀಲಿ, ಇನ್ನೊಬ್ಬಳಿಗೆ ಕೆಂಪು ಪಟ್ಟಿಯನ್ನು ಕಟ್ಟಿಸಿ "ನೀಲಿ", "ಕೆಂಪು" ಎಂದೇ ಕೂಗಿದನಂತೆ. ಮುಖದಲ್ಲಿ ನಿಜವಾದ ಭಯವನ್ನು ಕಾಣಬೇಕೆಂದು ಪಿಸ್ತೂಲನ್ನು ಹಾರಿಸುತ್ತ ಅವರನ್ನು ಅಟ್ಟಿಸಿಕೊಂಡು ಹೋದನಂತೆ. ಹೀಗೆಂದು ಲಿಲಿಯನ್ ತನ್ನ ಆತ್ಮಕಥೆಯಲ್ಲಿ ಬರೆದಿರುವಳು.

ಅಂದಿನಿಂದ ಸುಮಾರು ಹತ್ತು ವರ್ಷ ಗ್ರಿಫಿತ್ ಗುರು, ಈಕೆ ಶಿಷ್ಯೆ. 1915ರಲ್ಲಿ ತೆರೆಕಂಡ 'ದಿ ಬರ್ತ್ ಆಫ್ ಎ ನೇಷನ್' ಎಂಬ ಚಿತ್ರದಿಂದ ಇಬ್ಬರ ಹೆಸರೂ ದೇಶದಲ್ಲೆಲ್ಲ ಹರಡಿತು. ಆ ಚಿತ್ರದ ಮಾತನ್ನು ಬೇಕೆಂತಲೇ ಕಡೆಗೆ ಇಟ್ಟುಕೊಂಡಿದ್ದೇವೆ.

ಆಕೆಯ ಶ್ರದ್ಧೆಗೆ ಎರಡು ಮೂರು ದೃಷ್ಟಾಂತಗಳು ಸಾಕು. 1920ರ 'ವೇ ಡೌನ್ ಈಸ್ಟ್' ಚಿತ್ರದಲ್ಲಿ ಮೋಸಹೋದ ಹೆಣ್ಣೊಬ್ಬಳನ್ನು ಹಿಮದ ಬಿರುಗಾಳಿಯಲ್ಲಿ ಮನೆಯಿಂದ ಹೊರಗಟ್ಟುವರು. ಅವಳು ಮೂರ್ಛೆಹೋಗಿ ನದಿಯಲ್ಲಿ ತೇಲುವ ಮಂಜಿನ ಹಲಗೆಯ ಮೇಲೆ ಬೀಳುವಳು. ಈಗಿನಂತೆ ಕೃತಕ ಹಿಮವಲ್ಲ. ವರ್ಮಾಂಟ್ ಸಂಸ್ಥಾನದ ನಿಜವಾದ ನದಿ, ನಿಜವಾದ ಮಂಜುಗಡ್ಡೆ. ಮೂರ್ಛೆಹೋದವಳ ಕೈಯೂ ಕೂದಲೂ ನೀರಿಗಿಳಿದಿರಬೇಕೆಂದು ಸೂಚಿಸಿದವಳು ಲಿಲಿಯನಳೇ. ಆ ದೃಶ್ಯವನ್ನು ಮತ್ತೆ ಮತ್ತೆ ತೆಗೆಯುವಲ್ಲಿ ಕೊರೆತ ತಿಂದ ಆ ಕೈಯು ಎಷ್ಟೋ ವರ್ಷಗಳವರೆಗೆ ನೋಯುತ್ತಿದ್ದಿತೆಂದು ಆಕೆ ಹೇಳಿಕೊಂಡಿದ್ದಾಳೆ. 1926ರ 'ಲಾ ಬೋಎಮ್' ಚಿತ್ರದಲ್ಲಿ ಕ್ಷಯರೋಗದಿಂದ ಸಾಯುವ ಹೆಣ್ಣಿನ ಪಾತ್ರ. ತುಟಿಗಳು ಒಣಗಿ ಬಿರಿದಿರಬೇಕೆಂದು ಆಕೆ ಮೂರು ದಿನ ನೀರನ್ನೇ ಮುಟ್ಟಲಿಲ್ಲವೆಂದೂ, ಆಕೆ ನಿಜವಾಗಿಯೇ ಸತ್ತಳೆಂದು ತಾನು ಗಾಬರಿಗೊಂಡೆನೆಂದೂ ನಿರ್ದೇಶಕನಾದ ಕಿಂಗ್ ವಿಡೋರ್ ಬರೆದಿರುವನು. 1928ರಲ್ಲಿ ಹೊರಬಂದ 'ದಿ ವಿಂಡ್' ಚಿತ್ರವನ್ನು ಸ್ವೀಡನ್ ದೇಶದ ವಿಕ್ಟರ್ ಶೋಸ್ಟ್ರೋಮ್ ನಿರ್ದೇಶಿಸಿದನು. ಮೊಹಾವೆ ಮರುಭೂಮಿಯ ಸುಡುಬಿಸಿಲಿನಲ್ಲಿ ವಿಮಾನದ ಎಂಜಿನುಗಳನ್ನು ತಿರುಗಿಸಿ ಮರಳನ್ನು ಆಕೆಯ ಮುಖಕ್ಕೆ ಎರಚಲಾಯಿತು. ಬಿಡದೆ ಬೀಸುವ ಗಾಳಿಯಲ್ಲಿ ಮನಸ್ಸಿನ ಸ್ತಿಮಿತವು ತಪ್ಪುವ ಹೆಣ್ಣನ್ನು ಆಕೆಯು ಮಾತಿನ ನೆರವಿಲ್ಲದೆ ತೋರಿಸಿದ ಬಗೆಯನ್ನು ಬಲ್ಲವರು ಇಂದಿಗೂ ಹೊಗಳುವರು.

ಆದರೆ ಆಗ ಹೊಗಳಿದವರು ಕಡಿಮೆ. 1927ರಲ್ಲಿಯೇ ವಾಕ್ಚಿತ್ರವು ಬಂದಿದ್ದಿತು; ಜನರ ಕಿವಿಗೆ ಮಾತಿನ ರುಚಿ ಹತ್ತಿದ್ದಿತು. ಮೂಕಚಿತ್ರದ ರಾಣಿಯೆನಿಸಿದ್ದವಳು ಮೂವತ್ತೈದು ತುಂಬುವುದರೊಳಗೆ ಹಳಬಳಾಗಿಹೋದಳು. 1930ರಲ್ಲಿ ನಟಿಸಿದ ಮೊದಲ ವಾಕ್ಚಿತ್ರವೂ ಆಕೆಯನ್ನು ಮೇಲೆತ್ತಲಿಲ್ಲ. ಇಂಥ ಸಮಯದಲ್ಲಿ ಎಷ್ಟೋ ನಟನಟಿಯರು ಕೊರಗಿ ಮೂಲೆ ಸೇರಿದರು. ಈಕೆಗಾದರೋ ಒಂದು ತವರುಮನೆಯಿದ್ದಿತು. ಅದು ರಂಗಭೂಮಿ. ಬಾಲ್ಯದಲ್ಲಿ ಹೊಟ್ಟೆಪಾಡಿಗಾಗಿ ಕಲಿತ ವಿದ್ಯೆಯು ನಡುಹರೆಯದಲ್ಲಿ ಮಾನವನ್ನು ಕಾಪಾಡಿತು. 1930ರಲ್ಲಿಯೇ ಆಕೆ ನ್ಯೂಯಾರ್ಕಿನ ರಂಗದ ಮೇಲೆ ಚೆಖೋವನ 'ಅಂಕಲ್ ವಾನ್ಯಾ' ನಾಟಕದಲ್ಲಿ ನಿಂತಳು. 1936ರಲ್ಲಿ ಇಂಗ್ಲೆಂಡಿನ ಮಹಾನಟ ಜಾನ್ ಗಿಲ್‌ಗುಡ್ ಹ್ಯಾಮ್ಲೆಟ್‌ನಾದಾಗ, ನಲವತ್ತು ದಾಟಿದ್ದ ಈಕೆ ಒಫೀಲಿಯಾ ಆದಳು. ಹದಿನೈದು ವರ್ಷಕ್ಕೂ ಮಿಕ್ಕು ಮಾತಿಲ್ಲದೆ ನಟಿಸಿದವಳ ಬಾಯಿಂದ ಷೇಕ್ಸ್‌ಪಿಯರನ ಮಾತುಗಳನ್ನು ಜನರು ಕೇಳಿದರು.

ಬಳಿಕ ಚಲಚ್ಚಿತ್ರವು ಆಕೆಯನ್ನು ತಾನಾಗಿ ಮತ್ತೆ ಕರೆಯಿತು. ಕರೆದದ್ದು ನಾಯಿಕೆಯ ಪಾತ್ರಕ್ಕಲ್ಲ, ತಾಯಿಯ, ಅಜ್ಜಿಯ ಪಾತ್ರಕ್ಕೆ. ಆಕೆ ಮುನಿಯಲಿಲ್ಲ. 1955ರ 'ದಿ ನೈಟ್ ಆಫ್ ದಿ ಹಂಟರ್' ಚಿತ್ರದಲ್ಲಿ ಅನಾಥ ಮಕ್ಕಳನ್ನು ಕಾಯುವ ವೃದ್ಧೆಯಾಗಿ, ಮಡಿಲಲ್ಲಿ ಬಂದೂಕನ್ನಿಟ್ಟುಕೊಂಡು ಇರುಳೆಲ್ಲ ಕುಳಿತಿರುವ ಆಕೆಯ ಮುಖವನ್ನು ನೋಡಿದವರು ಮರೆಯಲಾರರು. 1971ರಲ್ಲಿ ಗೌರವ ಆಸ್ಕರ್ ಪ್ರಶಸ್ತಿಯು ಬಂದಿತು. 1987ರಲ್ಲಿ ತೆರೆಕಂಡ 'ದಿ ವೇಲ್ಸ್ ಆಫ್ ಆಗಸ್ಟ್' ಚಿತ್ರದಲ್ಲಿ ಬೆಟ್ಟಿ ಡೇವಿಸಳ ಅಕ್ಕತಂಗಿಯಾಗಿ ಕಡೆಯ ಬಾರಿ ನಟಿಸಿದಾಗ ಆಕೆಯ ವಯಸ್ಸು ತೊಂಬತ್ತನ್ನು ದಾಟಿದ್ದಿತು. ಮೊದಲ ಚಿತ್ರದಿಂದ ಲೆಕ್ಕ ಹಾಕಿದರೆ ಎಪ್ಪತ್ತೈದು ವರ್ಷ. ಆಕೆ ಮದುವೆಯಾಗಲಿಲ್ಲ; ತಾಯಿಯನ್ನು 1948ರಲ್ಲಿಯೂ ತಂಗಿಯನ್ನು 1968ರಲ್ಲಿಯೂ ಕಳೆದುಕೊಂಡಳು. 1993ರ ಫೆಬ್ರವರಿ 27ರಂದು, ನೂರು ತುಂಬಲು ಏಳೆಂಟು ತಿಂಗಳು ಮಾತ್ರ ಉಳಿದಿರಲು, ನ್ಯೂಯಾರ್ಕಿನಲ್ಲಿ ತೀರಿಕೊಂಡಳು.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ಅಭ್ಯಾಸದ ಮಹಿಮೆಯನ್ನು ಸಾರುವ ಒಳ್ಳೆಯ ಪಾಠವಾಗುತ್ತಿದ್ದಿತು. ಆದರೆ ಕಡೆಗಿಟ್ಟ ಮಾತನ್ನು ಈಗ ಆಡಬೇಕು.

'ದಿ ಬರ್ತ್ ಆಫ್ ಎ ನೇಷನ್' ಮೂರು ಗಂಟೆಗಳಷ್ಟು ದೀರ್ಘವಾದ ಚಿತ್ರ. ಕಥೆ ಹೇಳುವ ಕೌಶಲದಲ್ಲಿ ಅದಕ್ಕೆ ಸಮನಾದುದು ಆವರೆಗೆ ಅಮೆರಿಕದಲ್ಲಿ ಬಂದಿರಲಿಲ್ಲವೆನ್ನುವರು. ಅದು ಹೇಳಿದ ಕಥೆಯಾದರೋ ವಿಷದಂಥದು. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಕರಿಯರನ್ನು ಅದು ದುಷ್ಟರೆಂದು ಚಿತ್ರಿಸಿತು. ಮುಖ್ಯವಾದ ಕರಿಯರ ಪಾತ್ರಗಳಲ್ಲಿ ಬಿಳಿಯರೇ ಮುಖಕ್ಕೆ ಮಸಿ ಬಳಿದುಕೊಂಡು ನಟಿಸಿದರು. ಕರಿಯರನ್ನು ಕೊಂದು ಹೆದರಿಸುತ್ತಿದ್ದ ಕು ಕ್ಲಕ್ಸ್ ಕ್ಲಾನ್ ಎಂಬ ಮುಸುಕಿನವರ ಕೂಟವು ಅದರಲ್ಲಿ ವೀರರ ಪಡೆ. ಮಿಶ್ರವರ್ಣದ ಒಬ್ಬ ಪುರುಷನ ಕೈಯಲ್ಲಿ ಸಿಕ್ಕಿ ನಡುಗುವ, ಆ ಮುಸುಕಿನವರು ಕುದುರೆಯೇರಿ ಬಂದು ಬಿಡಿಸುವ ಕನ್ಯೆಯ ಪಾತ್ರವು ಲಿಲಿಯನಳದು. ಕರಿಯರ ಹಕ್ಕಿನ ಸಂಘವು ಆಗಲೇ ಪ್ರತಿಭಟಿಸಿತು. ಆದರೂ ಜನರು ಹಿಂಡು ಹಿಂಡಾಗಿ ನೋಡಿದರು. ಅಳಿದುಹೋಗಿದ್ದ ಆ ಕೂಟವು 1915ರಲ್ಲಿಯೇ ಜಾರ್ಜಿಯಾದಲ್ಲಿ ಮತ್ತೆ ತಲೆಯೆತ್ತಿತು. ಆ ಕನ್ಯೆಯ ಮುಖದ ನಡುಕವು ಎಷ್ಟು ನಿಜವಾಗಿದ್ದಿತೋ ಆ ಸುಳ್ಳು ಅಷ್ಟೇ ನಿಜವಾಗಿ ಕಂಡಿತು. ಒಳ್ಳೆಯ ವಿದ್ಯೆಯು ಕೆಟ್ಟ ಮಾತಿಗೆ ಬಲ ಕೊಟ್ಟಿತು. ಲಿಲಿಯನ್ ಬದುಕಿರುವವರೆಗೂ ಗುರುವನ್ನು ಬಿಟ್ಟುಕೊಡಲಿಲ್ಲ. ಅವನಿಗೆ ದ್ವೇಷವಿರಲಿಲ್ಲವೆಂದೇ ವಾದಿಸಿದಳು.

ಇದನ್ನು ಕೇಳಿ ನಮ್ಮ ಮೊಮ್ಮಗಳು, "ಅಂಥ ಕಥೆಯಲ್ಲಿ ಆಕೆ ಏಕೆ ನಟಿಸಿದಳು, ತಾತ? ಆಕೆಗೆ ತಿಳಿಯಲಿಲ್ಲವೆ?" ಎಂದು ಕೇಳಿದಳು. ಆಗ ಚಿಕ್ಕ ವಯಸ್ಸು, ಕಥೆ ಬರೆದವಳು ಆಕೆಯಲ್ಲ, ಗುರುವಿನ ಮಾತು ಎಂದು ಉತ್ತರ ಕೊಡಲು ಹೊರಟ ನಮಗೆ ನಾಲಗೆ ತಡವರಿಸಿತು. ಕಾರಣವನ್ನು ಮುಚ್ಚಿಡದೆ ಹೇಳುವೆವು.

ನಾವು ಶಾಲೆಯಲ್ಲಿದ್ದಾಗ ಪಠ್ಯಪುಸ್ತಕವೊಂದರಲ್ಲಿ ಒಂದು ಕಸುಬಿನ ಜನರನ್ನು ಹಗುರವಾಗಿ ಆಡುವ ಹಾಸ್ಯದ ಕಥೆಯಿದ್ದಿತು. ನಮ್ಮ ಕಂಠವು ಆಗ ಚೆನ್ನಾಗಿದ್ದಿತು. ಪಾತ್ರಪಾತ್ರಕ್ಕೂ ಬೇರೆ ಬೇರೆ ದನಿ ಮಾಡಿ ಓದುತ್ತಿದ್ದೆವು. ಹುಡುಗರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಒಂದು ವರ್ಷ ಕಡೆಯ ಬೆಂಚಿನಲ್ಲಿ ಆ ಕಸುಬಿನ ಮನೆಯ ಹುಡುಗನೊಬ್ಬನು ಇದ್ದನು. ಅವನು ತಲೆ ತಗ್ಗಿಸಿ ಪುಸ್ತಕದ ಅಂಚನ್ನು ಉಗುರಿನಿಂದ ಗೀರುತ್ತ ಕುಳಿತಿದ್ದುದನ್ನು ನಾವು ಕಂಡೆವು. ಓದನ್ನು ನಿಲ್ಲಿಸಲಿಲ್ಲ. ಬರೆದವರು ನಾವಲ್ಲವಷ್ಟೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆವು. ಅಷ್ಟು ಚೆನ್ನಾಗಿ ಓದಿದವರು ಮಾತ್ರ ನಾವೇ.

2019ರಲ್ಲಿ ಒಹಾಯೋ ಸಂಸ್ಥಾನದ ಬೌಲಿಂಗ್ ಗ್ರೀನ್ ವಿಶ್ವವಿದ್ಯಾಲಯವು, ಕರಿಯ ವಿದ್ಯಾರ್ಥಿಗಳ ಕೋರಿಕೆಯ ಮೇರೆಗೆ, ತನ್ನ ಚಿತ್ರಮಂದಿರಕ್ಕೆ ಇಟ್ಟಿದ್ದ ಗಿಶ್ ಸೋದರಿಯರ ಹೆಸರನ್ನು ತೆಗೆದುಹಾಕಿತು. ಒಂದು ಪಾತ್ರಕ್ಕಾಗಿ ಇಡೀ ಬಾಳನ್ನು ಅಳೆಯಬಾರದೆಂದು ಆಕ್ಷೇಪಿಸಿ ಸಹಿ ಹಾಕಿದ ಕಲಾವಿದರಲ್ಲಿ ಕರಿಯ ಮಹಾನಟನಾದ ಜೇಮ್ಸ್ ಅರ್ಲ್ ಜೋನ್ಸನೂ ಇದ್ದನು. ಹೆಸರು ತೆಗೆದವರದು ಅನ್ಯಾಯವೆನ್ನಲು ನಮಗೆ ಬಾಯಿಲ್ಲ. ತಲೆ ತಗ್ಗಿಸಿ ಕುಳಿತ ಹುಡುಗನ ಕಡೆಯ ಮಾತು ಅದು. ಆಕ್ಷೇಪಿಸಿದವರ ಮಾತನ್ನೂ ತಳ್ಳಲಾರೆವು. ಎಪ್ಪತ್ತೈದು ವರ್ಷದ ದುಡಿಮೆಯ ಕಡೆಯ ಮಾತು ಅದು.

ಇನ್ನೊಂದು ಸಂಗತಿಯುಂಟು. ಲಿಲಿಯನ್ ತನ್ನ ಮರಣಶಾಸನದಲ್ಲಿ ತಾನು ಗಳಿಸಿದ ಹಣದಿಂದ ಕಲಾವಿದರಿಗೆ ವರ್ಷಕ್ಕೊಂದು ಬಹುಮಾನವನ್ನು ಏರ್ಪಡಿಸಿದಳು. 1994ರಿಂದ ಅದು ನಡೆದುಬಂದಿದೆ. 2013ರಲ್ಲಿ ಅದು ಕರಿಯ ನಿರ್ದೇಶಕನಾದ ಸ್ಪೈಕ್ ಲೀಗೆ ಸಂದಿತು. ವಿದ್ಯಾರ್ಥಿದೆಸೆಯಲ್ಲಿ 'ದಿ ಬರ್ತ್ ಆಫ್ ಎ ನೇಷನ್' ಚಿತ್ರಕ್ಕೆ ಉತ್ತರವಾಗಿ ತಾನೊಂದು ಚಿತ್ರವನ್ನು ತೆಗೆದವನು ಅವನು. ತನ್ನ ಮೇಲೆ ಹೆಚ್ಚು ಪರಿಣಾಮ ಮಾಡಿದ ಎರಡು ಚಿತ್ರಗಳಲ್ಲಿಯೂ ಲಿಲಿಯನ್ ಗಿಶ್ ಇದ್ದಳೆಂದು ಆಗ ಅವನು ನೆನೆದನು. ಒಂದು ಆ ಮುಸುಕಿನವರ ಚಿತ್ರ. ಮತ್ತೊಂದು ಮಕ್ಕಳನ್ನು ಕಾಯುವ ವೃದ್ಧೆಯ ಚಿತ್ರ. ಒಂದೇ ಮುಖವು ಒಂದರಲ್ಲಿ ದ್ವೇಷಕ್ಕೆ ನೆರವಾಯಿತು, ಇನ್ನೊಂದರಲ್ಲಿ ದಿಕ್ಕಿಲ್ಲದವರಿಗೆ ಕಾವಲು ನಿಂತಿತು. ಅವನು ಎರಡನ್ನೂ ಮರೆಯದೆ ಬಹುಮಾನವನ್ನು ಕೈಯಲ್ಲಿ ಹಿಡಿದನು.

ನಮ್ಮ ಶಾಲೆಯ ಕಥೆಯನ್ನೂ ಮೊಮ್ಮಗಳಿಗೆ ಹೇಳಿದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಹುಡುಗ ಈಗ ಎಲ್ಲಿದ್ದಾನೆ, ತಾತ?" ಎಂದಳು. ನಮಗೆ ಗೊತ್ತಿರಲಿಲ್ಲ. ವಿಚಾರಿಸುವೆವೆಂದು ಅವಳಿಗೆ ಮಾತು ಕೊಟ್ಟಿದ್ದೇವೆ.

ಮನೆಯಲ್ಲಿ ಹಾಡುವ, ಕುಣಿಯುವ, ಚೆನ್ನಾಗಿ ಓದುವ ಮಕ್ಕಳಿರುವ ವಾಚಕರು ಈ ನಟಿಯ ಕಥೆಯನ್ನು ಅವರಿಗೆ ಹೇಳಲಿ. ಕೈ ಮರಗಟ್ಟುವವರೆಗೆ ಅಭ್ಯಾಸ ಮಾಡುವುದನ್ನು ಆಕೆಯಿಂದ ಕಲಿಯಲಿ. ಯಾವ ಕಥೆಗೆ ತಮ್ಮ ಮುಖವನ್ನು ಕೊಡುತ್ತಿದ್ದೇವೆಂದು ಬಣ್ಣ ಹಚ್ಚುವ ಮೊದಲೇ ಕೇಳುವುದನ್ನೂ ಕಲಿಯಲಿ. ಆಕೆ ಕೇಳಲಿಲ್ಲ. ನಾವೂ ಕೇಳಲಿಲ್ಲ.