ತಲೆ ಎಣಿಕೆಯೋ, ಹಣದ ಎಣಿಕೆಯೋ?

ಬ್ಯಾಂಕ್ ಠೇವಣಿಗಿಂತ ತುಸು ಹೆಚ್ಚಿನ ಬಡ್ಡಿ ದೊರೆಯುವುದೆಂದು ನಿವೃತ್ತಿಯ ಹಣವನ್ನು ಕಂಪೆನಿಗಳ ಬಾಂಡ್‌ಗಳಲ್ಲಿ ತೊಡಗಿಸಿದವರು ನನ್ನ ಹಳೆಯ ಸಹೋದ್ಯೋಗಿಗಳಲ್ಲೂ ಹಲವರಿದ್ದಾರೆ. ಕಂಪೆನಿ ಬಡ್ಡಿ ಕಟ್ಟಲಾಗದೆ ಸಾಲದ ಪುನರ್‌ರಚನೆಗೆ ಮುಂದಾದರೆ ಇವರ ಮಾತಿಗೆ ಬೆಲೆ ಎಷ್ಟು? ಮತಗಳನ್ನು ಯಾವ ಕಾನೂನಿನಡಿ ಎಣಿಸಲಾಗುತ್ತದೆ ಎಂಬುದರ ಮೇಲೆ ಉತ್ತರ ನಿಂತಿದೆ.

ಬ್ಯಾಂಕುಗಳು ತಮ್ಮೊಳಗೆ ಮಾಡಿಕೊಳ್ಳುವ ಪುನರ್‌ರಚನೆಯ ಒಪ್ಪಂದಕ್ಕೆ ಬಾಂಡ್‌ದಾರರೂ ಸೇರಬೇಕಾದರೆ ಅನುಸರಿಸಬೇಕಾದ ಕ್ರಮವನ್ನು ಸೆಬಿ 2020ರ ಅಕ್ಟೋಬರ್‌ನಲ್ಲಿ ಸುತ್ತೋಲೆಯ ಮೂಲಕ ನಿಗದಿಪಡಿಸಿತು. ಮೌಲ್ಯದಲ್ಲಿ ಶೇ 75, ಸಂಖ್ಯೆಯಲ್ಲಿ ಶೇ 60ರಷ್ಟು ಹೂಡಿಕೆದಾರರು ಒಪ್ಪಬೇಕು. ಅದೂ ಒಂದೊಂದು ಬಾಂಡ್ ಸರಣಿಗೂ ಪ್ರತ್ಯೇಕವಾಗಿ. ಕೋಟಿಗಟ್ಟಲೆ ತೊಡಗಿಸಿದ ಸಂಸ್ಥೆಗಳೇ ಎಲ್ಲವನ್ನೂ ನಿರ್ಧರಿಸದಂತೆ ಇದು ತಡೆಯುತ್ತದೆ. ಈ ಸುತ್ತೋಲೆ ಅದಕ್ಕೂ ಮುಂಚಿನ ಬಾಂಡ್‌ಗಳಿಗೂ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 2022ರ ಆಗಸ್ಟ್‌ನಲ್ಲಿ ರಿಲಯನ್ಸ್ ಕಮರ್ಷಿಯಲ್ ಫೈನಾನ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಆದರೂ ಸಣ್ಣ ಹೂಡಿಕೆದಾರರ ಹಿತವನ್ನು ಗಮನಿಸಿ, ಸಂವಿಧಾನದ 142ನೇ ವಿಧಿಯನ್ನು ಬಳಸಿ ಆ ಕಂಪೆನಿಯ ಪುನರ್‌ರಚನಾ ಯೋಜನೆಯನ್ನು ಉಳಿಸಿತು.

ತೊಡಕಿರುವುದು ಆಚರಣೆಯಲ್ಲಿ. ಒಪ್ಪಿಗೆಯನ್ನು ಬಾಂಡ್‌ದಾರ ಸ್ಪಷ್ಟವಾಗಿ ತಿಳಿಸಬೇಕು. ಇಲ್ಲಿ ಮೌನ ಸಮ್ಮತಿಯಲ್ಲ. ಟ್ರಸ್ಟಿ ಕಳಿಸಿದ ಪತ್ರವನ್ನು ಒಡೆದೂ ನೋಡದ ಹಿರಿಯರೆಷ್ಟೋ! ಸಾವಿರಾರು ಜನ ಹಂಚಿಕೊಂಡ ಸರಣಿಯಲ್ಲಿ ಶೇ 60 ಮುಟ್ಟುವುದು ಸುಲಭವಲ್ಲ. ಒಪ್ಪಂದ ಮುರಿದುಬಿದ್ದರೆ ಮುಂದಿನ ದಾರಿ ಸಾಮಾನ್ಯವಾಗಿ ದಿವಾಳಿ ಸಂಹಿತೆಯದು. ಅಲ್ಲಿ ಮೌಲ್ಯದ ಶೇ 66 ಮತ ಸಿಕ್ಕರೆ ಯೋಜನೆ ಅಂಗೀಕೃತ; ತಲೆ ಎಣಿಕೆಯ ಮಾತೇ ಇಲ್ಲ. ಡಿಎಚ್‌ಎಫ್‌ಎಲ್ ಯೋಜನೆಯನ್ನು ಪ್ರಶ್ನಿಸಿದ ಬಾಂಡ್‌ದಾರರು, ಠೇವಣಿದಾರರು ವರ್ಷಗಟ್ಟಲೆ ಹೋರಾಡಿದರು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಯೋಜನೆಯನ್ನೇ ಎತ್ತಿಹಿಡಿಯಿತು. ಭಿನ್ನಮತದವರಿಗೆ ಸಂಹಿತೆ ಖಾತ್ರಿಪಡಿಸುವುದು ಕಂಪೆನಿಯನ್ನು ಸಮಾಪನಗೊಳಿಸಿದ್ದರೆ ಸಿಗುತ್ತಿದ್ದ ಪಾಲನ್ನು ಮಾತ್ರ. ಅದು ಎಷ್ಟು ಸಣ್ಣದಿರಬಹುದೆಂದು ಊಹಿಸಲು ಅರ್ಥಶಾಸ್ತ್ರ ಓದಬೇಕಿಲ್ಲ.

ಹೊರಗೆ ಕೊಟ್ಟ ರಕ್ಷಣೆಯನ್ನು ನ್ಯಾಯಮಂಡಳಿಯ ಬಾಗಿಲಲ್ಲಿ ಕಸಿದುಕೊಳ್ಳುವುದು ಯಾವ ನೀತಿ? ನನ್ನ ದೃಷ್ಟಿಯಲ್ಲಿ ಎರಡು ತಿದ್ದುಪಡಿ ಅಗತ್ಯ. ನೋಟಿಸ್ ತಲುಪಿದ್ದಕ್ಕೆ ಪುರಾವೆ ಇದ್ದಲ್ಲಿ, ಮತ ಚಲಾಯಿಸಿದವರ ಪೈಕಿ ಶೇ 60 ಸಾಕೆಂದು ಸೆಬಿ ನಿಯಮ ಬದಲಿಸಲಿ. ಬಾಂಡ್‌ದಾರರ ಮಟ್ಟಿಗಾದರೂ ಸಂಖ್ಯೆಯ ಪರೀಕ್ಷೆಯನ್ನು ಸಂಸತ್ತು ಸಂಹಿತೆಯೊಳಗೂ ತರಲಿ. ವಿಳಂಬವಾಗುತ್ತದೆಂದು ಬ್ಯಾಂಕುಗಳು ಆಕ್ಷೇಪಿಸಬಹುದು. ಡಿಎಚ್‌ಎಫ್‌ಎಲ್ ನ್ಯಾಯಮಂಡಳಿಗೆ ಹೋದದ್ದು 2019ರಲ್ಲಿ. ಅಲ್ಲಿ ತಲೆ ಎಣಿಸದೆಯೂ ವ್ಯಾಜ್ಯ ಐದು ವರ್ಷ ದಾಟಿತು.